ಎತ್ತಿನ ಕೊಂಬೂ ಅಕ್ಕನ ಕೀಲಿಮಣೆಯೂ

ಹಳೆಯದಕ್ಕೆ ಬಣ್ಣ ಹಚ್ಚಿದರೆ ಸುಳ್ಳು ಹೇಳಿದಂತಾಗುತ್ತದೆಯೇ? ತಲೆಗೆ ಬಣ್ಣ ಹಚ್ಚಿಕೊಳ್ಳುವ ನಮ್ಮ ವಯಸ್ಸಿನ ಹೆಂಗಸರಿಗೆ ಈ ಪ್ರಶ್ನೆ ಹೊಸದೇನಲ್ಲ. ಹಚ್ಚಿದರೆ "ಈ ವಯಸ್ಸಿನಲ್ಲಿ ಬೇಕಿತ್ತೇ" ಎನ್ನುತ್ತಾರೆ. ಬಿಟ್ಟರೆ "ಏನ್ರೀ, ಇಷ್ಟು ಬೇಗ ಸೊರಗಿಬಿಟ್ರಿ" ಎನ್ನುತ್ತಾರೆ. ಆದರೆ ನಾನೀಗ ಹೇಳಹೊರಟಿರುವುದು ತಲೆಗೂದಲಿನ ಮಾತಲ್ಲ, ಒಂದು ಕಂಪ್ಯೂಟರ್ ಕೀಲಿಮಣೆಯ ಮಾತು.

ಮಳವಳ್ಳಿಯಲ್ಲಿದ್ದ ನಮ್ಮಕ್ಕ ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಕೆಲಸ ಮಾಡುತ್ತಿದ್ದಳು. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ತಿಥಿಯ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಎಲ್ಲವೂ ಅವಳ ಬೆರಳ ತುದಿಯಿಂದಲೇ ಹೊರಡುತ್ತಿದ್ದವು. ಅವಳು ಬಳಸುತ್ತಿದ್ದುದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದರಲ್ಲಿ 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಒತ್ತಬೇಕು. ಅವ್ವ, ಅಪ್ಪ, ಅಕ್ಕ, ಅಣ್ಣ, ತಮ್ಮ, ಎಲ್ಲರಿಗೂ ಎಫ್ ಬೇಕು. ಹಾಗಾಗಿ ಅಕ್ಕನ ಕೀಲಿಮಣೆಯಲ್ಲಿ ಮೊದಲು ಅಳಿಸಿಹೋದ ಅಕ್ಷರ ಅದೇ. ಕೀಲಿಗಳ ಮುಂದೆ ಅಂಗೈ ಊರುವ ಕಡೆ ಪ್ಲಾಸ್ಟಿಕ್ಕು ಸವೆದು, ಎರಡು ಜಾಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

ಅಕ್ಕ ತೀರಿಕೊಂಡ ಮೇಲೆ ಅದು ಮಂಡ್ಯದ ನಮ್ಮ ಮನೆಗೆ ಬಂತು. ಅವಳ ಮಗ ಇರುವುದು ಮದ್ದೂರಿನಲ್ಲಿ. ಅವನ ಮಗಳು ಕನ್ನಡ ಟೈಪಿಂಗ್ ಕಲಿಯುತ್ತೇನೆ ಎಂದಾಗ ಇದನ್ನೇ ಕೊಡೋಣ ಎಂದುಕೊಂಡೆ. ಹುಡುಗಿ ನೋಡಿದವಳೇ "ಅಜ್ಜಿ, ಹಳದಿಯಾಗಿದೆ, ಗಲೀಜು" ಎಂದು ಮುಖ ಕಿವುಚಿದಳು. ಅದು ಗಲೀಜಲ್ಲ. ಇಂಥ ಕವಚಗಳನ್ನು ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಬಿಸಿಲಿನ ನೇರಳಾತೀತ ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ವರ್ಷಗಳ ಮೇಲೆ ಅದನ್ನು ಹಳದಿ ಮಾಡುತ್ತವೆ. ಸೋಪಿನಲ್ಲಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇದನ್ನೆಲ್ಲ ಹೇಳಿದರೆ ಮಗು ಒಪ್ಪೀತೇ? ಬಣ್ಣ ಹಚ್ಚುವುದೆಂದು ತೀರ್ಮಾನಿಸಿದೆ. ಗೋಡೆಗೆ ಸುಣ್ಣ, ಬಾಗಿಲಿಗೆ ಪೇಂಟು ಬಳಿದಿದ್ದೆನೇ ಹೊರತು ಪ್ಲಾಸ್ಟಿಕ್ಕಿಗೆ ಎಂದೂ ಕೈ ಹಾಕಿದವಳಲ್ಲ.

ಪೇಂಟಿನ ಅಂಗಡಿಯವರು ಹೇಳಿಕೊಟ್ಟರು. ತಿರುಪು ಬಿಚ್ಚಿ ಒಳಗಿನದನ್ನೆಲ್ಲ ತೆಗೆದಿಡಬೇಕು. ಕವಚವನ್ನು ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ಕಳೆಯಬೇಕು. ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ಪ್ಲಾಸ್ಟಿಕ್ಕಿಗೆಂದೇ ಬರುವ ಪ್ರೈಮರ್ ಮೊದಲು, ಬಣ್ಣ ಆಮೇಲೆ. ಒಂದು ಗೇಣು ದೂರದಿಂದ ತೆಳುವಾಗಿ ಸಿಂಪಡಿಸಿ, ಆರಿದ ಮೇಲೆ ಇನ್ನೊಂದು ಕೈ. ಅವರು ಒತ್ತಿ ಹೇಳಿದ್ದು ಒಂದೇ: "ಉಜ್ಜದೆ ಹೊಡೀಬೇಡಿ ಅಮ್ಮ, ನುಣುಪಿರೋ ಕಡೆ ಬಣ್ಣ ಕಚ್ಚೋದಿಲ್ಲ."

ನುಣುಪಿರುವ ಕಡೆ ಎಂದರೆ ಅಕ್ಕನ ಅಂಗೈ ಊರಿದ ಕಡೆಯೇ ತಾನೆ? ಫೋನಿನಲ್ಲಿ ವಿಷಯ ತಿಳಿದ ಅವಳ ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಚಿಕ್ಕಮ್ಮ, ಅಮ್ಮನ ಕೈಗುರುತು ಅಂತ ಉಳಿದಿರೋದೇ ಅದು. ಅದನ್ನೂ ಉಜ್ಜಿಬಿಡ್ತೀರಾ?" ಎಂದ. ಬೇರೆ ಕೀಲಿಮಣೆಯನ್ನು ತಾನೇ ಕೊಂಡುಕೊಡುತ್ತೇನೆ, ಇದು ಹಾಗೇ ಇರಲಿ ಎಂಬುದು ಅವನ ಮಾತು. ಎರಡು ದಿನ ನಾನು ಉಪ್ಪುಕಾಗದ ಮುಟ್ಟಲಿಲ್ಲ.

ನಮ್ಮ ಮಂಡ್ಯದ ಕಡೆ ಸಂಕ್ರಾಂತಿಗೆ ಎತ್ತಿನ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಹಚ್ಚಿ ಕಿಚ್ಚು ಹಾಯಿಸುತ್ತಾರೆ. ಹತ್ತು ವರ್ಷ ಉತ್ತ ಎತ್ತೂ ಅಂದು ಮದುವಣಿಗನಂತೆ ನಿಲ್ಲುತ್ತದೆ. ಯಾರಾದರೂ ಅದನ್ನು ಮೋಸ ಎಂದಿದ್ದಾರೆಯೇ? ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಯಲ್ಲಿ ದನ ಕೊಳ್ಳುವವನು ಕೊಂಬಿನ ಬಣ್ಣ ನೋಡಿ ವಯಸ್ಸು ಹೇಳುವುದಿಲ್ಲ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಕೊಂಬಿನ ಬಣ್ಣ ದುಡಿದ ಜೀವಕ್ಕೆ ಮಾಡುವ ಮರ್ಯಾದೆ. ಮೋಸ ಶುರುವಾಗುವುದು ಕೊಳ್ಳುವವನಿಗೆ ಹಲ್ಲು ತೋರಿಸದೆ ಮುಚ್ಚಿಟ್ಟಾಗ. ನಾನು ಕೀಲಿಮಣೆಯನ್ನು ಮಾರುತ್ತಿರಲಿಲ್ಲ, ಹೊಸದೆಂದು ಹೇಳುತ್ತಲೂ ಇರಲಿಲ್ಲ. ಸುಳ್ಳಿನ ಪ್ರಶ್ನೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆದರೆ ಹುಡುಗ ಕೇಳಿದ್ದು ಸುಳ್ಳಿನ ಪ್ರಶ್ನೆಯನ್ನಲ್ಲ. ಅಳಿಸುವ ಹಕ್ಕು ಯಾರಿಗಿದೆ ಎಂದು ಅವನು ಕೇಳಿದ್ದ. ಮದ್ದೂರು ದಾಟಿ ಬೆಂಗಳೂರಿನ ದಾರಿ ಹಿಡಿದರೆ ಸಿಗುವ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ಆಲೆ ಮರದ ತುಂಡನ್ನು ತಿರುಗಿಸುತ್ತಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅದಕ್ಕೂ ಮೊದಲು ಮರದ ಮೈಯನ್ನು ಉಳಿಯಿಂದ ಹೆರೆದಿರಬೇಕು. ಎತ್ತಿನ ಕೊಂಬಾಗಲಿ ಗೊಂಬೆಯಾಗಲಿ, ಏನನ್ನೂ ಕಳೆದುಕೊಳ್ಳದೆ ಬಣ್ಣ ಪಡೆಯುವುದಿಲ್ಲ. ಅಕ್ಕನ ಅಂಗೈಯ ಹೊಳಪು ಹೋಗುವುದಂತೂ ನಿಜ, ಅದಕ್ಕೆ ಸಮಾಧಾನದ ಮಾತು ಹೇಳಿ ಪ್ರಯೋಜನವಿಲ್ಲ.

ನನಗೆ ದಾರಿ ತೋರಿಸಿದ್ದು ಅಕ್ಕನೇ. ನಮ್ಮವ್ವ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆ ಹಿಡಿದು ಏಳುತ್ತಿದ್ದಳು. ಅಲ್ಲಿ ಎಣ್ಣೆ ಅರಿಸಿನದ ಕೈಯ ಗುರುತು ಕಪ್ಪಾಗಿ ನಿಂತಿತ್ತು. ಅವ್ವ ಹೋದ ಮುಂದಿನ ಯುಗಾದಿಗೆ ಅಕ್ಕ ಸುಣ್ಣದ ಬಕೆಟ್ಟು ಹಿಡಿದು ಆ ಗೋಡೆಗೇ ಮೊದಲು ಬಂದಳು. ನಾನು ಅಳುತ್ತಾ ತಡೆದೆ. "ಅವ್ವ ಇದ್ದಿದ್ರೆ ಬಳೀದೆ ಬುಡ್ತಿದ್ಲಾ?" ಎಂದಳು ಅಕ್ಕ. ಬಳಿಯುವಾಗ ಅವಳ ಕಣ್ಣೂ ಒದ್ದೆಯಾಗಿತ್ತು. ಸತ್ತವರ ಗುರುತನ್ನು ಕಾಯುವುದು ಒಂದು ಪ್ರೀತಿ. ಅವರು ಮಾಡುತ್ತಿದ್ದುದನ್ನು ಮುಂದುವರಿಸುವುದು ಇನ್ನೊಂದು. ಎರಡೂ ಒಟ್ಟಿಗೆ ಆಗದಿದ್ದಾಗ ಹೆಂಗಸರು ಎರಡನೆಯದನ್ನೇ ಹಿಡಿಯುತ್ತಾ ಬಂದಿದ್ದೇವೆ, ಏಕೆಂದರೆ ಮಾರನೆಯ ದಿನ ಅದೇ ಗೋಡೆಯ ಪಕ್ಕ ಒಲೆ ಹಚ್ಚಬೇಕಾದವರು ನಾವು.

ಮೂರನೆಯ ದಿನ ಕವಚವನ್ನು ಉಜ್ಜಿದೆ. ಮಹಡಿಯ ಮೇಲೆ ಹಳೇ ಪತ್ರಿಕೆ ಹಾಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂರು ಕೈ ತಿಳಿನೀಲಿ ಹೊಡೆದೆ. ತಳಭಾಗಕ್ಕೆ ಬಣ್ಣ ಹಚ್ಚಲಿಲ್ಲ. ಅದು ಹಳದಿಯಾಗಿಯೇ ಇದೆ, ಮಗುಚಿ ನೋಡಿದ ಯಾರಿಗೂ ಅದರ ವಯಸ್ಸು ತಿಳಿಯುತ್ತದೆ. ಕೀಲಿಗಳನ್ನೂ ಬರೀ ತೊಳೆದೆ. ಮದ್ದೂರಿಗೆ ಕೊಂಡೊಯ್ದಾಗ ಅಕ್ಕನ ಮಗ ಚೆನ್ನಾಗಿದೆ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅವನ ಮೌನಕ್ಕೂ ನ್ಯಾಯವಿದೆ. ಮಗಳು ಮಾತ್ರ ಆಗಲೇ ಕುಳಿತು, "ಅಜ್ಜಿ, ಒತ್ತಕ್ಷರದ ಕೀಲಿ ಯಾವುದು, ಏನೂ ಬರೆದಿಲ್ಲವಲ್ಲ?" ಎಂದು ಕೇಳುತ್ತಿದ್ದಳು. ಅವಳ ತೋರುಬೆರಳನ್ನು ಹಿಡಿದು ಆ ಅಕ್ಷರವಿಲ್ಲದ ಕೀಲಿಯ ಮೇಲೆ ಇಟ್ಟವನು ಅವನೇ.