ಸಿಗಲಿಲ್ಲ ಅಂತ ಬರೆಯೋಕೆ ಏನು ಕಷ್ಟ?

ಸಾವನದುರ್ಗದ ಬಂಡೆಯ ಮೇಲೆ ಬೋರಲಾಗಿ ಮಲಗಿದ್ದೆ. ಎಡಗೈ ಒಂದು ಸೀಳಿನೊಳಗೆ ಮೊಣಕೈವರೆಗೂ ಇಳಿದಿತ್ತು. ಒಳಗೆ ಹಾವಿದ್ರೆ ಅನ್ನೋ ಭಯ ಒಂದು ಕಡೆ, ಕಾಲು ಜಾರಿದ್ರೆ ಅನ್ನೋ ಭಯ ಇನ್ನೊಂದು ಕಡೆ. ಕೆಳಗಿನಿಂದ ರೂಮ್‌ಮೇಟ್ ಕೂಗಿದ: "ಲೋ, ಊರಲ್ಲಿ ಎಮ್ಮೆ ಕಳ್ದೋದ್ರೂ ಇಷ್ಟು ಹುಡುಕ್ತಿರಲಿಲ್ವೇನೋ ನೀನು!"

ಹುಡುಕುತ್ತಿದ್ದದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಒಂದು ಪುಟ್ಟ ನೋಟ್‌ಬುಕ್ಕು, ಒಂದು ಮೋಟು ಪೆನ್ಸಿಲ್ಲು, ಒಂದೆರಡು ಗೋಲಿಯೋ ಕೀಚೈನೋ ಇರಬಹುದು, ಅಷ್ಟೇ. ಹಿಂದಿನ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಗಾಬರಿಯಾಗಿದ್ದಳು. "ನಿಧಿಗಿಧಿ ಹುಡುಕ್ಕೊಂಡು ಹೋಗ್ತಿದೀಯೇನೋ? ಪೊಲೀಸ್ನೋರು ಹಿಡ್ಕೊಂಡೋಗ್ತಾರೆ ಕಣೋ." ನಿಧಿ ಅಲ್ಲಮ್ಮ, ಆಟ ಅಂದೆ. ಮೂವತ್ತೆರಡು ವರ್ಷದ ಮಗ ಡಬ್ಬಿ ಹುಡುಕೋ ಆಟ ಆಡ್ತಾನೆ ಅನ್ನೋದು ಅವಳಿಗೆ ನಿಧಿಗಿಂತ ಹೆಚ್ಚು ಚಿಂತೆಯ ವಿಷಯವಾಯ್ತು ಅನ್ಸುತ್ತೆ.

ಆಟದ ಹೆಸರು ಜಿಯೋಕ್ಯಾಶಿಂಗ್. ಹುಟ್ಟಿದ್ದು ಒಂದು ಸರ್ಕಾರಿ ಆದೇಶದಿಂದ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಮ್ಮಂಥ ಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ಸುಮಾರು ನೂರು ಮೀಟರ್ ಆಚೀಚೆ ತೋರಿಸೋದು. ಅಧ್ಯಕ್ಷ ಕ್ಲಿಂಟನ್ ಆಡಳಿತ ಆ ಕೆಡಿಸುವಿಕೆಯನ್ನು ನಿಲ್ಲಿಸಿತು. ಮೇ 2ರ ಹೊತ್ತಿಗೆ ಜಗತ್ತಿನ ಎಲ್ಲ ಜಿಪಿಎಸ್ ಯಂತ್ರಗಳೂ ಒಮ್ಮೆಲೇ ಚುರುಕಾದವು. ಮರುದಿನವೇ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಅನ್ನುವವರು ಒಂದು ಬಕೆಟ್ಟನ್ನು ಕಾಡಿನಂಚಿನಲ್ಲಿ ಹುದುಗಿಸಿ, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕಿದರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ಒಂದು ಕವಣೆ, ಒಂದು ಡಬ್ಬ ಬೀನ್ಸ್ ಇತ್ಯಾದಿ. ನಿಯಮ ಇಷ್ಟೇ: ಏನಾದರೂ ತಗೊಳ್ಳಿ, ಏನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ. ಈಗ ಜಗತ್ತಿನ ಮೂಲೆಮೂಲೆಯಲ್ಲೂ ಇಂಥ ಡಬ್ಬಿಗಳಿವೆ. ಬೆಂಗಳೂರಿನ ಸುತ್ತಮುತ್ತಲೂ ಇವೆ.

ಡಬ್ಬಿ ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಸಹಿ ಹಾಕಿ, ಆ್ಯಪ್‌ನಲ್ಲಿ 'ಸಿಕ್ಕಿತು' ಅಂತ ಒತ್ತಬೇಕು. ಸಿಗದಿದ್ದರೆ 'ಸಿಗಲಿಲ್ಲ' ಅಂತ ಒತ್ತಬೇಕು. ಆಟಗಾರರ ಭಾಷೆಯಲ್ಲಿ ಇದು ಡಿಎನ್‌ಎಫ್. 'ಸಿಕ್ಕಿತು' ಒತ್ತಿದರೆ ನಿಮ್ಮ ಹೆಸರಿನ ಮುಂದಿನ ಸಂಖ್ಯೆ ಒಂದು ಹೆಚ್ಚುತ್ತೆ. 'ಸಿಗಲಿಲ್ಲ' ಒತ್ತಿದರೆ ಏನೂ ಹೆಚ್ಚೋದಿಲ್ಲ. ಬೆಟ್ಟದ ಮೇಲಿನ ಪುಸ್ತಕವನ್ನೂ ಆ್ಯಪ್‌ನಲ್ಲಿ ನೀವು ಒತ್ತಿದ್ದನ್ನೂ ತಾಳೆ ನೋಡೋರು ಯಾರೂ ಇರಲ್ಲ. ಡಬ್ಬಿ ಇಟ್ಟವರು ಬೇಕಾದರೆ ನೋಡಬಹುದು. ಆದರೆ ಅದಕ್ಕೆ ಅವರೂ ಬೆಟ್ಟ ಹತ್ತಬೇಕು.

ನನ್ನ ಸಂಖ್ಯೆ ಆವತ್ತು ನಲವತ್ತೊಂಬತ್ತು.

ಸಾವನದುರ್ಗ ನೋಡಿರೋರಿಗೆ ಗೊತ್ತು. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ, ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಮೆಟ್ಟಿಲುಗಳ ಸಾಲಿಲ್ಲ. ಬರೀ ಬಂಡೆ, ಅದರ ಮೇಲೆ ಬಳಿದ ಬಾಣದ ಗುರುತು, ಅಲ್ಲಲ್ಲಿ ಮುರಿದ ಕೋಟೆಗೋಡೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಗೆದ್ದುಕೊಂಡ ದುರ್ಗ ಇದು. ಡಬ್ಬಿಯ ಪುಟದಲ್ಲಿ ದಾರಿಯ ಕಷ್ಟಕ್ಕೆ ಐದಕ್ಕೆ ನಾಲ್ಕು ಅಂಕ ಕೊಟ್ಟಿದ್ದರು. ಸುಳಿವು: 'ಗೋಡೆಯ ಕೆಳಗೆ, ಸೀಳಿನೊಳಗೆ, ಸೊಂಟದ ಎತ್ತರ'.

ಇಲ್ಲಿ ಜಿಪಿಎಸ್ ಬಗ್ಗೆ ಒಂದು ಮಾತು. ಫೋನು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಅವು ಬರಲು ತಗೊಂಡ ಸಮಯದಿಂದ ನಿಮ್ಮ ಜಾಗ ಲೆಕ್ಕ ಹಾಕುತ್ತೆ. ಬಯಲಲ್ಲಿ ಕೆಲವೇ ಮೀಟರ್ ಆಚೀಚೆ ಆಗಬಹುದು. ಕಡಿದಾದ ಬಂಡೆ ಪಕ್ಕದಲ್ಲಿ ಅರ್ಧ ಆಕಾಶ ಮುಚ್ಚಿಹೋಗಿರುತ್ತೆ, ಸಂಕೇತ ಕಲ್ಲಿಗೆ ಬಡಿದು ವಾಪಸ್ ಬರುತ್ತೆ. ಫೋನು ಒಮ್ಮೆ ಎಡಕ್ಕೆ ನಾಲ್ಕು ಮೀಟರ್ ಅನ್ನುತ್ತೆ, ಮರುಗಳಿಗೆ ಬಲಕ್ಕೆ ಹನ್ನೊಂದು ಅನ್ನುತ್ತೆ. ಬಯಲಲ್ಲಿ ಹನ್ನೊಂದು ಮೀಟರ್ ಏನೂ ಅಲ್ಲ. ಇಳಿಜಾರು ಬಂಡೆಯ ಮೇಲೆ ಅದೇ ಒಂದು ಗಂಟೆಯ ಕೆಲಸ. ಕೂತು, ಕೈಯೂರಿ, ಪೃಷ್ಠ ಜಾರಿಸಿಕೊಂಡು ಹೋಗಬೇಕು.

ಎರಡೂವರೆ ಗಂಟೆ ಹುಡುಕಿದೆವು. ಸೊಂಟದ ಎತ್ತರದ ಸೀಳುಗಳೆಲ್ಲ ಮುಗಿದವು. ಯಾರ ಸೊಂಟ ಅಂತ ಬರೆದಿಲ್ಲವಲ್ಲ ಅಂತ ಮೊಣಕಾಲೆತ್ತರದವನ್ನೂ ಎದೆಯೆತ್ತರದವನ್ನೂ ನೋಡಿದೆವು. ಕೋತಿಗಳು ನಮ್ಮನ್ನು ನೋಡಿದವು. ನೀರು ಖಾಲಿಯಾಯ್ತು. ಇಳಿದು ಬಂದು ಮಾಗಡಿ ರಸ್ತೆಯ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿ ಹೇಳಿ, ಫೋನ್ ತೆಗೆದೆ. ರೂಮ್‌ಮೇಟ್ ಹೇಳಿದ, "ಹಾಕ್ಕೋ ಗುರು. ಜಾಗದವರೆಗೂ ಹೋಗಿದೀಯ. ಡಬ್ಬಿ ಇಲ್ದಿದ್ರೆ ನಿನ್ ತಪ್ಪಾ? ಯಾರಿಗೆ ಏನು ನಷ್ಟ?"

'ಸಿಕ್ಕಿತು' ಒತ್ತಿದೆ. 'ಸೊಗಸಾದ ಜಾಗ, ಧನ್ಯವಾದ' ಅಂತ ಒಂದು ಸಾಲು ಬರೆದೆ. ಐವತ್ತಾಯ್ತು. ಇಡ್ಲಿ ಬಂತು.

ಮನಸ್ಸಾಕ್ಷಿ ಚುಚ್ಚಿತು ಅಂತ ನೀವು ಕಾಯ್ತಿದ್ದರೆ, ಇಲ್ಲ. ಚೂರೂ ಚುಚ್ಚಲಿಲ್ಲ. ಆವತ್ತು ರಾತ್ರಿ ಚೆನ್ನಾಗೇ ನಿದ್ದೆ ಬಂತು.

ಐದು ವಾರದ ನಂತರ ಡಬ್ಬಿ ಇಟ್ಟವರಿಂದ ಒಂದು ಮೇಲ್ ಬಂತು. ಬರವಣಿಗೆ ನೋಡಿದರೆ ವಯಸ್ಸಾದವರು. ವಿಷಯ ಇಷ್ಟು. ನನಗಿಂತ ಮುಂಚೆ ಇಬ್ಬರು 'ಸಿಗಲಿಲ್ಲ' ಅಂತ ಹಾಕಿದ್ದರು. ಡಬ್ಬಿ ಹೋಗಿರಬೇಕು, ನೋಡಿಕೊಂಡು ಬರೋಣ ಅಂತ ಅವರು ಹೊರಟಿದ್ದರು. ಅಷ್ಟರಲ್ಲಿ ನನ್ನ 'ಸಿಕ್ಕಿತು' ಬಂತು. ಮಂಡಿ ನೋವು ಬೇರೆ, ಸದ್ಯ ಹತ್ತೋದು ತಪ್ಪಿತು ಅಂತ ಸುಮ್ಮನಾದರು. ಅದಾಗಿ ಮೂರು ವಾರಕ್ಕೆ ಒಬ್ಬರು ಹನ್ನೊಂದು ವರ್ಷದ ಮಗಳನ್ನು ಕರಕೊಂಡು ಹೋಗಿದ್ದಾರೆ. ಈಚೆಗೆ ಯಾರಿಗೋ ಸಿಕ್ಕಿದೆಯಲ್ಲ, ಇರಲೇಬೇಕು ಅಂತ ಹುಡುಕುತ್ತಲೇ ಇದ್ದಾರೆ. ಮಧ್ಯಾಹ್ನ ತುಂತುರು ಹನಿ ಶುರುವಾದ ಮೇಲೂ ಬಿಟ್ಟಿಲ್ಲ. ಒದ್ದೆ ಬಂಡೆ. ಮಗು ಜಾರಿ ಮಣಿಕಟ್ಟಿನ ಮೂಳೆ ಮುರಿದುಕೊಂಡಿದೆ.

ಆಮೇಲೆ ಇವರೇ ಹತ್ತಿದರಂತೆ. ಸೀಳಿನಿಂದ ತುಂಬ ಕೆಳಗೆ ಪೊದೆಯಲ್ಲಿ ಡಬ್ಬಿ ಬಿದ್ದಿತ್ತು, ಬಹುಶಃ ಕೋತಿಗಳ ಕೆಲಸ. ಮುಚ್ಚಳ ತೆಗೆದಿತ್ತು, ಪುಸ್ತಕ ನೆಂದು ಒಣಗಿ ಉಬ್ಬಿತ್ತು. ಆದರೂ ಓದಬಹುದಿತ್ತು. ಕೊನೆಯ ಸಹಿ ಮಾರ್ಚ್ ತಿಂಗಳದ್ದು. ನಾನು ಹೋಗಿದ್ದು ಸೆಪ್ಟೆಂಬರಿನಲ್ಲಿ.

ಮೇಲ್‌ನ ಕೊನೆಯ ಸಾಲು: "ನಿಮಗೆ ಸಿಕ್ಕಿದ್ದು ಬೇರೆ ಯಾರೋ ಇಟ್ಟ ಡಬ್ಬಿ ಇರಬಹುದೇ?"

ಈ ಸಾಲಿನ ದೊಡ್ಡತನ ಅರ್ಥವಾಗಬೇಕಾದರೆ ಆಟದ ಇನ್ನೊಂದು ಚಾಳಿ ಹೇಳಬೇಕು. ಹುಡುಕಿದ ಡಬ್ಬಿ ಸಿಗದಿದ್ದಾಗ ಕೆಲವರು ಜೇಬಿನಲ್ಲಿದ್ದ ಇನ್ನೊಂದು ಡಬ್ಬಿಯನ್ನು ಅಲ್ಲೇ ಇಟ್ಟು, ಅದಕ್ಕೇ ಸಹಿ ಹಾಕಿ, 'ಸಿಕ್ಕಿತು' ಅಂದುಬಿಡುತ್ತಾರೆ. ಅಂಥದೊಂದು ನನಗೆ ಸಿಕ್ಕಿರಬಹುದು ಅಂತ ಅವರು ಒಂದು ಬಾಗಿಲು ತೆರೆದಿಟ್ಟಿದ್ದರು. 'ಹೌದು ಸರ್, ಅದೇ ಇರಬೇಕು' ಅಂದಿದ್ದರೆ ಮುಗೀತಿತ್ತು. ಅದನ್ನು ಯಾರೂ ಯಾವತ್ತೂ ಸುಳ್ಳು ಅಂತ ಸಾಬೀತು ಮಾಡೋಕೆ ಆಗ್ತಿರಲಿಲ್ಲ.

ಎರಡು ದಿನ ಉತ್ತರ ಬರೆಯಲಿಲ್ಲ. ಆ ಎರಡು ದಿನ ಯೋಚಿಸಿದ್ದನ್ನೇ ಇಲ್ಲಿ ಹೇಳಬೇಕೆಂದಿರೋದು.

ಮೊದಲು ನೆನಪಾದದ್ದು ಕನಕದಾಸರ ಬಾಳೆಹಣ್ಣು. ಪ್ರೈಮರಿ ಸ್ಕೂಲಲ್ಲಿ ನಾವೆಲ್ಲ ಕೇಳಿದ್ದೇ. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂತ ಗುರುಗಳು ಶಿಷ್ಯರಿಗೆಲ್ಲ ಹಣ್ಣು ಕೊಡುತ್ತಾರೆ. ಕನಕ ಒಬ್ಬ ಹಣ್ಣು ಹಾಗೇ ವಾಪಸ್ ತರುತ್ತಾನೆ, ದೇವರಿಲ್ಲದ ಜಾಗ ಸಿಗಲಿಲ್ಲ ಅಂತ. ಚಿಕ್ಕವನಿದ್ದಾಗ ಈ ಕಥೆ ಕೇಳಿ ಬಚ್ಚಲುಮನೆಯಲ್ಲೂ ಹೆದರಿದ್ದೆ. ಈಗ ಆ ಹೆದರಿಕೆ ಇಲ್ಲ. ದೇವರು ನನ್ನ ಆ್ಯಪ್ ನೋಡ್ತಿದಾನೆ ಅಂತ ನಿಜವಾಗಿ ನಂಬೋಕೆ ನನ್ನಿಂದ ಆಗಲ್ಲ. ಹಾಗಾದರೆ ನೋಡೋರೇ ಇಲ್ಲ ಅಂದಮೇಲೆ ಹಣ್ಣು ತಿನ್ನಬಹುದಾ?

ಎರಡನೆಯದು, ನನಗೆ ನಾನೇ ಹೂಡಿದ ವಾದ. ಮಗು ಬಿದ್ದದ್ದು ಮಳೆಯಿಂದ. ಮಳೆ ಬಂದ ಮೇಲೂ ಬಂಡೆ ಮೇಲಿದ್ದದ್ದು ಅವರಪ್ಪನ ನಿರ್ಧಾರ. ಮಳೆ ಬರದಿದ್ದರೆ ನನ್ನ ಸುಳ್ಳು ಯಾರಿಗೂ ಗೊತ್ತೇ ಆಗದ ಒಂದು ಸಣ್ಣ ಸುಳ್ಳು. ಮಳೆ ಬಂದದ್ದಕ್ಕೆ ಅದು ದೊಡ್ಡದಾಯ್ತಾ? ಇದು ನನ್ನೊಬ್ಬನ ತಲೆನೋವಲ್ಲ ಅಂತ ಆಮೇಲೆ ಗೊತ್ತಾಯ್ತು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅನ್ನೋ ತತ್ವಶಾಸ್ತ್ರಜ್ಞರು ಇದನ್ನೇ 'ನೈತಿಕ ಅದೃಷ್ಟ' ಅಂತ ಚರ್ಚೆ ಮಾಡಿದ್ದಾರೆ. ಇಬ್ಬರು ಕುಡಿದು ಗಾಡಿ ಓಡಿಸುತ್ತಾರೆ. ಒಬ್ಬನ ದಾರಿಗೆ ಯಾರೂ ಅಡ್ಡ ಬರಲಿಲ್ಲ, ಮನೆ ಸೇರಿ ಮಲಗಿದ. ಇನ್ನೊಬ್ಬನ ದಾರಿಗೆ ಯಾರೋ ಬಂದರು, ಅವನು ಜೈಲಿಗೆ ಹೋದ. ಮಾಡಿದ್ದು ಇಬ್ಬರೂ ಒಂದೇ. ತಪ್ಪು ಒಂದೇನಾ?

ಇದಕ್ಕೆ ದೊಡ್ಡೋರ ಉತ್ತರ ಏನೇ ಇರಲಿ, ನನಗೆ ಹೊಳೆದದ್ದು ಇದು. ಮಳೆ ನನ್ನ ತಪ್ಪನ್ನು ದೊಡ್ಡದು ಮಾಡಲಿಲ್ಲ. ಅದು ಮೊದಲಿನಿಂದಲೂ ಎಷ್ಟು ದೊಡ್ಡದಿತ್ತು ಅಂತ ತೋರಿಸಿತು. ಮಲಗಿ ನಿದ್ದೆ ಮಾಡಿದ ಡ್ರೈವರ್ ನಾನೇ. ಅಷ್ಟು ಚೆನ್ನಾಗಿ ನಿದ್ದೆ ಬಂದದ್ದು ಸಾಚಾತನಕ್ಕಲ್ಲ, ಪುಣ್ಯಕ್ಕೆ.

ನಮ್ಮ ಕಸುಬಲ್ಲಿ ಇದನ್ನು ದಿನಾ ನೋಡ್ತೀವಿ. ಸರ್ವರ್ ಕೆಟ್ಟಾಗ ಎರರ್ ಕಳಿಸಿದರೆ ಬೈಕೊಂಡು ಸರಿ ಮಾಡ್ತೀವಿ. ಒಳಗೆ ಎಲ್ಲ ಕೆಟ್ಟು ಕೂತಿದ್ದರೂ ಹೊರಗೆ '200 ಓಕೆ' ಅಂತ ಕಳಿಸೋ ಸರ್ವರ್ ಇರುತ್ತಲ್ಲ, ಅದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ಅದನ್ನು ನಂಬಿ ಇನ್ನೊಂದು ಸಿಸ್ಟಮ್, ಅದನ್ನು ನಂಬಿ ಮತ್ತೊಂದು. ಮೊನ್ನೆ ಶುಕ್ರವಾರ ಸಂಜೆ ಟೆಸ್ಟ್ ಮಾಡದೇ 'ಟೆಸ್ಟ್ ಆಗಿದೆ' ಅಂತ ಟಿಕೆಟ್ ಮುಚ್ಚಿದ್ದು ನೀವೂ ಇರಬಹುದು. ಯಾರಿಗೆ ಏನು ನಷ್ಟ ಅಂತ ಕೇಳ್ತೀವಿ. ನಷ್ಟ ಆಗೋನು ಆಗ ಆ ರೂಮಲ್ಲಿ ಇರಲ್ಲ. ಅವನು ಸೋಮವಾರ ಬರ್ತಾನೆ.

ಮೂರನೆಯದಾಗಿ ನೆನಪಾದವನು ತಾತ.

ನಮ್ಮ ತಾತ ನೀರುಗಂಟಿ. ತುರುವೇಕೆರೆ ಕಡೆ ನಮ್ಮೂರ ಕೆರೆಯ ತೂಬು ತೆಗೆಯೋದು, ಕಾಲುವೆ ಹಿಡಿದು ಗದ್ದೆಗದ್ದೆಗೂ ಸರದಿ ಪ್ರಕಾರ ನೀರು ಕಟ್ಟೋದು ಅವನ ಕೆಲಸ. ಸುಗ್ಗಿಯಲ್ಲಿ ಗದ್ದೆಯವರು ಇಷ್ಟು ಭತ್ತ ಅಂತ ಅಳೆದು ಕೊಡುತ್ತಿದ್ದರು. ನೀರು ಕಟ್ಟೋದು ಬಹಳ ಸಲ ರಾತ್ರಿ ಹೊತ್ತು. ಅವನ ಹಿಂದೆ ಲಾಟೀನು ಹಿಡಕೊಂಡು ಯಾರೂ ಹೋಗ್ತಿರಲಿಲ್ಲ. ಕೆರೆಯಲ್ಲಿ ನೀರು ಕಮ್ಮಿಯಾದ ವರ್ಷ ಕೊನೆಯ ಗದ್ದೆಗಳಿಗೆ ನೀರು ಮುಟ್ಟುತ್ತಿರಲಿಲ್ಲ. ಆಗ ಅವನು ಬೆಳಗಾಗೋ ಹೊತ್ತಿಗೆ, ಕೆಸರು ಕಾಲಲ್ಲೇ, ಆ ಗದ್ದೆಯವರ ಮನೆ ಮುಂದೆ ಹೋಗಿ ನಿಲ್ಲುತ್ತಿದ್ದ. "ಅಯ್ನೋರೇ, ಈ ಸತಿ ನಿಮ್ ಗದ್ದೆಗೆ ನೀರು ಏರ್ಲಿಲ್ಲ." ಅವರು ಬೈಯೋರು. ಕೆಲವರು ಕೆಟ್ಟದಾಗಿ ಬೈಯೋರು. ಬೈಸ್ಕೊಂಡು ಬರೋನು.

ಒಂದು ಸಲ ನಾನೂ ಜೊತೆಗಿದ್ದೆ. ದಾರಿಯಲ್ಲಿ ಕೇಳಿದೆ, ಅವರೇ ಹೋಗಿ ನೋಡ್ಕೊಂಡ್ರೆ ಗೊತ್ತಾಗ್ತಿತ್ತಲ್ಲ, ನೀನ್ಯಾಕೆ ಹೋಗಿ ಹೇಳಿ ಬೈಸ್ಕೊಳ್ಳೋದು? ತಾತ ಹೇಳಿದ್ದು: "ಈಗ್ಲೇ ಹೇಳುದ್ರೆ ಬಾವಿಯಿಂದನಾದ್ರೂ ಎತ್ಕೊತಾರೆ ಕಣ್ಲಾ. ಸುಮ್ಕಿದ್ರೆ ನೀರು ಬಂದೈತೆ ಅಂತ ನಂಬ್ಕೊಂಡು ಮಲಗ್ತಾರೆ, ಪೈರು ಒಣಗೋಯ್ತದೆ."

ಕನಕನ ಕಥೆ ನೋಡುವವನ ಬಗ್ಗೆ ಹೇಳುತ್ತೆ. ತಾತ ಹೇಳಿದ್ದು ಆಮೇಲೆ ಬರುವವನ ಬಗ್ಗೆ. ದೇವರು ನೋಡ್ತಾನೋ ಇಲ್ಲವೋ ನನ್ನ ಕೈಲಿ ತೀರ್ಮಾನ ಆಗಲ್ಲ. ಆದರೆ ನನ್ನ ಹಿಂದೆ ಒಬ್ಬರು ಬೆಟ್ಟ ಹತ್ತುತ್ತಾರೆ ಅನ್ನೋದಕ್ಕೆ ಯಾವ ನಂಬಿಕೆಯೂ ಬೇಡ. ನನಗಿಂತ ಮುಂಚೆ ಇಬ್ಬರು 'ಸಿಗಲಿಲ್ಲ' ಅಂತ ನಾಚಿಕೆಯಿಲ್ಲದೆ ಬರೆದಿದ್ದರು. ಅವರಿಬ್ಬರ ಎರಡು ಸಾಲು ಆ ಮಗುವಿನ ಕೈ ಉಳಿಸೋ ಹಾದಿಯಲ್ಲಿತ್ತು. ನನ್ನ ಒಂದು ಸಾಲು ಎರಡನ್ನೂ ಅಳಿಸಿತು.

ಮೂರನೇ ದಿನ ಉತ್ತರ ಬರೆದೆ. ಬೇರೆ ಡಬ್ಬಿ ಇರಲಿಲ್ಲ, ನನಗೆ ಏನೂ ಸಿಕ್ಕಿರಲಿಲ್ಲ, ಸಂಖ್ಯೆಗೋಸ್ಕರ ಒತ್ತಿದೆ ಅಂತ. ಮಗುವಿನ ತಂದೆಗೂ ಅದನ್ನೇ ಬರೆದು, ಆಸ್ಪತ್ರೆ ಖರ್ಚು ಕೊಡ್ತೀನಿ ಅಂದೆ. ಅವರಿಂದ ಉತ್ತರ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಬರಬೇಕು ಅಂತ ನಿರೀಕ್ಷೆ ಮಾಡೋ ಹಕ್ಕೂ ನನಗಿಲ್ಲ.

ಡಬ್ಬಿಯವರ ಉತ್ತರ ಎರಡೇ ಸಾಲು. "ಹೇಳಿದ್ದಕ್ಕೆ ಸಂತೋಷ. ಲಾಗ್ ಸರಿಪಡಿಸಿ."

ಸರಿಪಡಿಸಿದೆ. ನಲವತ್ತೊಂಬತ್ತಾಯ್ತು. ಆಮೇಲೆ ಬೇರೆ ಬೇರೆ ಕಡೆ ಹುಡುಕಿದ್ದೀನಿ, ಈಗ ಸಂಖ್ಯೆ ಅರವತ್ತು ದಾಟಿದೆ. ಅದರ ಜೊತೆ ಹದಿನೇಳು 'ಸಿಗಲಿಲ್ಲ'ಗಳಿವೆ. ಆ್ಯಪ್ ಅವನ್ನು ನನ್ನ ಹೆಸರಿನ ಮುಂದೆ ತೋರಿಸಲ್ಲ. ನಾನೇ ಲೆಕ್ಕ ಇಟ್ಟಿದ್ದೀನಿ. ಪ್ರತಿ ಸಲ ಆ ಗುಂಡಿ ಒತ್ತುವಾಗ ಈಗಲೂ ಒಂದು ಗಳಿಗೆ ಬೆರಳು ತಡೆಯುತ್ತೆ. ಬೆಳಗಿನ ಜಾವ ಕೆಸರು ಕಾಲಲ್ಲಿ ಇನ್ನೊಬ್ಬರ ಬಾಗಿಲ ಮುಂದೆ ನಿಂತ ತಾತನಿಗೂ ನಾಲಗೆ ಹೀಗೇ ತಡೆದಿರಬಹುದು. ಆದರೂ ಅವನು ಬಾಗಿಲು ತಟ್ಟುತ್ತಿದ್ದ.