ಸ್ವರಕ್ಕೆ ಹೊಣೆ ಯಾರು?

1940ರ ಮಾರ್ಚ್ 1ರಂದು ಆಲ್ ಇಂಡಿಯಾ ರೇಡಿಯೊ ತನ್ನ ಸ್ಟುಡಿಯೊಗಳಿಂದ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಅಷ್ಟು ಕಾಲ ಬಾನುಲಿಯಲ್ಲಿ ಹಾಡುವವರಿಗೆ ಹಾರ್ಮೋನಿಯಂ ಸಾಥ್ ಇಲ್ಲ. ಸ್ಟುಡಿಯೊ ಬಾಗಿಲು ದಾಟಿ ಹೊರಗೆ ಬಂದರೆ ಕಛೇರಿ, ಭಜನೆ, ಕಂಪನಿ ನಾಟಕ ಎಲ್ಲೆಲ್ಲೂ ಅದೇ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ಆ ವಾದ್ಯಕ್ಕೇ ಬದುಕು ಮುಡಿಪಿಟ್ಟರು. ಗದುಗಿನ ಪುಟ್ಟರಾಜ ಗವಾಯಿಗಳ ಬೆರಳಲ್ಲಿ ಅದು ನುಡಿದದ್ದನ್ನು ಕೇಳಿದವರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದ್ದಾರೆ.

ಹಾರ್ಮೋನಿಯಂ ಮೇಲೆ ಹೊರಿಸಿದ ಆರೋಪಗಳು ಹಗುರವಾದವಲ್ಲ. ಅದು ಪರದೇಶದ್ದು, ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ 1842ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆ. ಅದರ ಸ್ವರಗಳನ್ನು ತಯಾರಕ ಮೊದಲೇ ಕೂರಿಸಿಟ್ಟಿರುತ್ತಾನೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗುವ ಗಮಕ ಅದರಲ್ಲಿ ಬಾರವು. ರವೀಂದ್ರನಾಥ ಠಾಕೂರರೂ ಅದನ್ನು ಒಪ್ಪಿರಲಿಲ್ಲ. ಕೀಬೋರ್ಡ್ ಬಗ್ಗೆ, ಲ್ಯಾಪ್‌ಟಾಪಿನಲ್ಲಿ ಕಟ್ಟಿದ ಹಾಡಿನ ಬಗ್ಗೆ ಈಗ ಕೇಳಿಬರುವ ಮಾತುಗಳೂ ಬಹುತೇಕ ಇವೇ. ಆದರೆ ಹಾರ್ಮೋನಿಯಮ್ಮಿಗೆ ವಿದ್ಯುತ್ತಿನ ಸೋಂಕೇ ಇರಲಿಲ್ಲ. ‘ಇದು ನಿಜವಾದ ಸಂಗೀತವೇ?’ ಎಂಬ ಪ್ರಶ್ನೆ ಪ್ಲಗ್ಗು, ಕಂಪ್ಯೂಟರುಗಳಿಗಿಂತ ಹಳೆಯದು. ಹಾಗಾಗಿ ‘ನಿಜವಾದ’ ಎಂದು ನಾವು ಏನನ್ನು ಕೇಳುತ್ತಿದ್ದೇವೆ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು.

ತತ್ತ್ವಶಾಸ್ತ್ರದಲ್ಲಿ ನೈಜತೆಯ ಒಂದು ಅರ್ಥ ಹುಟ್ಟಿಗೆ ಸಂಬಂಧಿಸಿದ್ದು. ರವಿವರ್ಮನದೆಂದು ಮಾರಾಟಕ್ಕೆ ಬಂದ ಚಿತ್ರ ಅವನ ಕೈಯಿಂದಲೇ ಬಂದಿತೇ ಇಲ್ಲವೇ ಎಂದು ಪರೀಕ್ಷಿಸುವುದು ಈ ಅರ್ಥದಲ್ಲಿ. ಅಮೆರಿಕದ ದಾರ್ಶನಿಕ ನೆಲ್ಸನ್ ಗುಡ್‌ಮನ್ 1968ರಲ್ಲಿ ಇಲ್ಲೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ. ಚಿತ್ರವನ್ನು ನಕಲು ಮಾಡಿ ಮೋಸ ಮಾಡಬಹುದು; ಬರೆದಿಟ್ಟ ಸ್ವರಲಿಪಿಯಿರುವ ಸಂಗೀತ ಕೃತಿಯನ್ನು ಹಾಗೆ ಮಾಡಲಾಗದು. ಲಿಪಿಗೆ ತಪ್ಪದೆ ಯಾರು ನುಡಿಸಿದರೂ ಅದು ಆ ಕೃತಿಯೇ. ಈ ಲೆಕ್ಕದಲ್ಲಿ ಕಂಪ್ಯೂಟರ್ ನುಡಿಸಿದ ಬಾಖ್ ಕೂಡ ಬಾಖನೇ. ಯುರೋಪಿನ ಸಂಗೀತಕ್ಕೆ ಸರಿಹೊಂದುವ ಈ ಮಾತು ನಮ್ಮಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತದೆ. ತ್ಯಾಗರಾಜರ ಒಂದೇ ಕೃತಿ ಬೇರೆ ಬೇರೆ ಶಿಷ್ಯಪರಂಪರೆಗಳಲ್ಲಿ ಬೇರೆ ಬೇರೆ ಪಾಠಾಂತರವಾಗಿ ಬಂದಿದೆ, ಎಲ್ಲವೂ ಸಾಚಾ. ಆಲಾಪನೆಯಂತೂ ಎಲ್ಲೂ ಬರೆದಿಟ್ಟದ್ದೇ ಅಲ್ಲ. ತಪ್ಪದೆ ಒಪ್ಪಿಸುವುದಕ್ಕೆ ಅಲ್ಲಿ ಲಿಪಿಯೇ ಇಲ್ಲ.

ಇನ್ನೊಂದು ಅರ್ಥವನ್ನು ದಾರ್ಶನಿಕ ಪೀಟರ್ ಕಿವಿ 1995ರ ತನ್ನ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ. ಹಳೆಯ ಕಾಲದ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ, ಕರುಳಿನ ತಂತಿ ಕಟ್ಟಿದ ಪಿಟೀಲುಗಳಲ್ಲೇ ನುಡಿಸಬೇಕೆಂಬ ಚಳವಳಿ ಆಗ ಪಶ್ಚಿಮದಲ್ಲಿ ಬಲವಾಗಿತ್ತು. ರಚನಕಾರನ ಉದ್ದೇಶ, ಆ ಕಾಲದ ನಾದ, ಆ ಕಾಲದ ರೂಢಿ, ಇವುಗಳಿಗೆ ನಿಷ್ಠವಾಗಿರುವುದು ಒಂದು ಬಗೆಯ ನೈಜತೆ ಎಂದು ಕಿವಿ ಒಪ್ಪಿದ. ಜೊತೆಗೆ, ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದಿದೆ ಎಂದ: ನುಡಿಸುವವನು ತನ್ನದನ್ನೇ ನುಡಿಸುವುದು, ಇನ್ನೊಬ್ಬರನ್ನು ಅನುಕರಿಸದಿರುವುದು. ಬದುಕಿನ ಬಗ್ಗೆ ಜರ್ಮನಿಯ ದಾರ್ಶನಿಕ ಹೈಡೆಗರ್ 1927ರಲ್ಲಿ ಹೇಳಿದ್ದು ಇದಕ್ಕೆ ಹತ್ತಿರವಾದದ್ದೇ. ‘ಎಲ್ಲರೂ ಹೀಗೇ ಮಾಡುತ್ತಾರೆ’ ಎಂಬ ಅನಾಮಿಕ ರೂಢಿಯಲ್ಲಿ ಕರಗಿಹೋಗದೆ, ತನ್ನ ಇರವನ್ನು ತನ್ನದೆಂದು ಎತ್ತಿಕೊಳ್ಳುವುದು ಅವನ ಪ್ರಕಾರ ನೈಜ ಬದುಕು.

ನಮ್ಮ ಸಂಗೀತಗಾರರು ಮನೋಧರ್ಮ ಎನ್ನುವಾಗ ಈ ನೆಲೆಯಲ್ಲೇ ಮಾತನಾಡುತ್ತಾರೆ. ಒಬ್ಬ ಯುವ ವೈಣಿಕ ದೊಡ್ಡ ವಿದ್ವಾಂಸರ ಕಲ್ಯಾಣಿ ರಾಗದ ಧ್ವನಿಮುದ್ರಣವೊಂದನ್ನು ಉಸಿರು ಉಸಿರಿಗೂ ಕಂಠಪಾಠ ಮಾಡಿ ಸಭೆಯಲ್ಲಿ ಹಾಗೆಯೇ ನುಡಿಸಿದನೆನ್ನಿ. ವೀಣೆ ಹಲಸಿನ ಮರದ್ದು, ತಂತಿ ಮೀಟಿದ್ದು ಬೆರಳು, ವಿದ್ಯುತ್ತು ಎಲ್ಲೂ ಇಲ್ಲ. ಆದರೂ ಬಲ್ಲ ರಸಿಕರು ಇದು ಅವನ ಕಲ್ಯಾಣಿಯಲ್ಲ ಎಂದೇ ಹೇಳುತ್ತಾರೆ. ವಾದ್ಯ ಅಸಲಿಯಾಗಿದ್ದು ಸಂಗೀತ ನಕಲಿಯಾಗಬಹುದು ಎಂದಾದರೆ, ವಾದ್ಯವನ್ನು ನೋಡಿ ತೀರ್ಪು ಕೊಡುವುದನ್ನು ನಾವು ಬಿಡಬೇಕಾಗುತ್ತದೆ.

ವೀಣೆಯೂ ಒಂದು ಯಂತ್ರವೇ. ನಾಟ್ಯಶಾಸ್ತ್ರ ಮರದ ವೀಣೆಯನ್ನೂ ಮನುಷ್ಯ ಶರೀರವೆಂಬ ವೀಣೆಯನ್ನೂ ಜೋಡಿಯಾಗಿ ಹೇಳುತ್ತದೆ, ಎರಡೂ ಸ್ವರ ಹುಟ್ಟುವ ನೆಲೆಗಳೆಂದು. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿ ಮೇಳ ಕಟ್ಟುವವನು ಕುಶಲಕರ್ಮಿ. ಅಂದರೆ ಸ್ವರಸ್ಥಾನದ ಒಂದು ಪಾಲು ಅಲ್ಲೂ ನುಡಿಸುವವನ ಕೈ ತಪ್ಪಿದೆ. ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಮೈಕಿಲ್ಲದ ಕಾಲದಲ್ಲಿ ನಾದ ದೂರ ಮುಟ್ಟಲೆಂದು. ಆಮೇಲೆ ಮೈಕು ಬಂತು. ಸುಗಮ ಸಂಗೀತದ ಮೆಲುದನಿ, ಕಿವಿಯ ಬಳಿ ಬಂದು ಹೇಳಿದಂತಿರುವ ಆ ಗಾಯನ, ಮೈಕಿನ ಕೊಡುಗೆಯೆಂದೇ ನಾನು ತಿಳಿದಿದ್ದೇನೆ. ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ನಿನ ಉದಾಹರಣೆ ಇನ್ನೂ ಸ್ಪಷ್ಟ. ಸಾಮಾನ್ಯ ಮ್ಯಾಂಡೊಲಿನ್ನಿನ ನಾದ ಮೀಟಿದೊಡನೆ ಆರಿಹೋಗುತ್ತದೆ, ಗಮಕ ತೂಗುವಷ್ಟು ಹೊತ್ತು ನಿಲ್ಲದು. ಅವರು ಹಿಡಿದದ್ದು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್. ಗಮಕಕ್ಕೆ ಅಲ್ಲಿ ದಾರಿ ಮಾಡಿಕೊಟ್ಟದ್ದು ವಿದ್ಯುತ್ತೇ.

ಹಾಗಾದರೆ ಎಲ್ಲ ಯಂತ್ರವೂ ಒಂದೇ, ತಕರಾರೇ ಬೇಡ ಎನ್ನಲೇ? ಅದೂ ನನಗೆ ಒಪ್ಪಿಗೆಯಿಲ್ಲ. ಯಂತ್ರ ಬಂದಾಗಲೆಲ್ಲ ಒಂದು ಕೆಲಸ ಒಬ್ಬರ ಕೈಯಿಂದ ಇನ್ನೆಲ್ಲಿಗೋ ವರ್ಗವಾಗುತ್ತದೆ. ಯಾವ ಕೆಲಸ ಹೋಯಿತು, ಅದರೊಂದಿಗೆ ಯಾರ ಕೇಳ್ಮೆ ಹೋಯಿತು ಎಂಬುದನ್ನು ಪ್ರತಿ ಸಲವೂ ಬೇರೆಬೇರೆಯಾಗಿ ನೋಡಬೇಕು. ನನ್ನ ಮಟ್ಟಿಗೆ ಸಂಗೀತದ ನೈಜತೆಯೆಂದರೆ ಇಷ್ಟು: ಹೊರಟ ಸ್ವರವನ್ನು ಯಾರೋ ಕೇಳಿಸಿಕೊಂಡಿದ್ದಾರೆ, ಸರಿಯೋ ತಪ್ಪೋ ಎಂದು ತೂಗಿದ್ದಾರೆ, ಇದು ನನ್ನದು ಎಂದು ಅದಕ್ಕೆ ಹೊಣೆ ಹೊರುತ್ತಾರೆ.

ತಂಬೂರಿಯನ್ನು ನೋಡಿ. ಅದರ ಕುದುರೆ ಪಿಟೀಲಿನದರಂತೆ ಚೂಪಲ್ಲ. ಅಗಲವಾಗಿ, ತುಸು ಬಾಗಿದ ಮೈಯುಳ್ಳದ್ದು. ತಂತಿಗೂ ಕುದುರೆಗೂ ನಡುವೆ ಒಂದೆಳೆ ದಾರ ಸಿಕ್ಕಿಸುತ್ತಾರೆ. ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ತಂತಿ ಮೀಟುತ್ತ, ಕಿವಿಗೊಟ್ಟು ಕೂತರೆ ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ಅರಳುತ್ತದೆ, ಝೇಂಕಾರ ತುಂಬಿಕೊಳ್ಳುತ್ತದೆ. ಕಂಪಿಸುವ ತಂತಿ ಕುದುರೆಯ ಮೈಯನ್ನು ಮತ್ತೆ ಮತ್ತೆ ಸವರಿ ಹೋಗುವುದರಿಂದ ಹುಟ್ಟುವ ಉಪಸ್ವರಗಳ ಸಮೃದ್ಧಿ ಅದು. ತಂತಿಯನ್ನು ಮೀಟಿದ ಜಾಗಕ್ಕನುಗುಣವಾಗಿ ಕೆಲವು ಉಪಸ್ವರಗಳು ಕೇಳಿಸಲೇಬಾರದು ಎನ್ನುತ್ತಿತ್ತು ಹಳೆಯ ನಿಯಮ. ವೀಣೆ ತಂಬೂರಿಗಳಲ್ಲಿ ಅವೂ ಕೇಳಿಸುತ್ತವೆ ಎಂದು ಸಿ. ವಿ. ರಾಮನ್ 1921ರಲ್ಲೇ ಬರೆದರು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾವ ತಂತಿಗೂ ಕೂಡಿಸಿರದ ಗಾಂಧಾರವೊಂದು ತಾನಾಗಿ ಹೊಮ್ಮುತ್ತದೆ. ಸ್ವಯಂಭೂ ಗಾಂಧಾರವೆನ್ನುವುದು ಅದಕ್ಕೇ.

ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದವರು ಸಂಗೀತದಿಂದ ದೂರ ನಿಂತವರಲ್ಲ. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಎಂಜಿನಿಯರ್, ಕೊಳಲು ವಾದಕರೂ ಹೌದು. ಅವರ ರಾಡೆಲ್ ಪೆಟ್ಟಿಗೆಗಳು ದೇಶ ವಿದೇಶಗಳ ಕಛೇರಿ ವೇದಿಕೆಗಳನ್ನು ಏರಿದವು. ತಂಬೂರಿ ಹಿಡಿದು ಕೂರುವವರು ಸಿಗದ ಊರಿನಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ವಿಮಾನ ಪ್ರಯಾಣದಲ್ಲಿ ಅವುಗಳಿಂದಾದ ಉಪಕಾರ ದೊಡ್ಡದು. ಈಗ ಆ ಕೆಲಸ ಫೋನಿನ ಆ್ಯಪ್ ಮಾಡುತ್ತದೆ, ನಿಜವಾದ ತಂಬೂರಿಯಿಂದ ಮುದ್ರಿಸಿದ ನಾದವನ್ನೇ ಕೇಳಿಸುವಂಥವೂ ಇವೆ. ಆದ್ದರಿಂದ ನಾದ ಕೃತಕವೆಂಬ ದೂರು ನನಗೆ ಮುಖ್ಯವಲ್ಲ. ಬಿರಡೆ ತಿರುಗಿಸಿ, ದಾರ ಸರಿಸಿ, ಕೂಡಿತೋ ಇಲ್ಲವೋ ಎಂದು ಕಿವಿ ಚೂಪು ಮಾಡಿಕೊಳ್ಳುವ ಆ ಹತ್ತು ನಿಮಿಷ ಹೋಯಿತಲ್ಲ, ನಷ್ಟವಿರುವುದು ಅಲ್ಲಿ. ಪಳಗಿದ ಗಾಯಕರು ಗುಂಡಿ ಒತ್ತಿ ಕೂತರೆ ಅವರು ಕಳೆದುಕೊಳ್ಳುವುದು ಅಲ್ಪ, ಅವರ ಕಿವಿ ಆಗಲೇ ತಯಾರಾಗಿದೆ. ಸರಳೆವರಸೆ ಕಲಿಯುವ ಮಗುವಿಗೆ ಗುಂಡಿಯೊಂದೇ ಸಿಕ್ಕಿದರೆ, ಶ್ರುತಿ ಎಂಬುದು ತಾನು ಹುಡುಕಿ ಮುಟ್ಟುವ ನೆಲೆ ಎಂದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಆಟೊ-ಟ್ಯೂನ್‌ನಲ್ಲಿ ಈ ವರ್ಗಾವಣೆ ಇನ್ನೂ ಆಳಕ್ಕೆ ಇಳಿಯುತ್ತದೆ. 1997ರಲ್ಲಿ ಅದನ್ನು ಹೊರತಂದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ನಿಕ್ಷೇಪಗಳ ಶೋಧಕ್ಕಾಗಿ ಭೂಕಂಪನ ಅಲೆಗಳ ವಿಶ್ಲೇಷಣೆಯಲ್ಲಿ ತೊಡಗಿದ್ದವರು. ಹಾಡಿದ ಸ್ವರ ಎಲ್ಲಿದೆಯೆಂದು ಅಳೆದು, ಹತ್ತಿರದ ‘ಸರಿಯಾದ’ ಸ್ವರಕ್ಕೆ ಅದನ್ನು ಎಳೆದು ಕೂರಿಸುವುದು ಅದರ ಕೆಲಸ. ಅದನ್ನು ತೋಡಿಯ ಗಾಂಧಾರದ ಮೇಲೆ ಹರಿಯಬಿಟ್ಟರೆ ಏನಾದೀತು? ಕರ್ನಾಟಕ ಸಂಗೀತದ ತೋಡಿಯಲ್ಲಿ ಗಾಂಧಾರ ಒಂದು ಬಿಂದುವಿನಲ್ಲಿ ನಿಲ್ಲುವ ಸ್ವರವಲ್ಲ. ಕೆಳಗಿನಿಂದ ಎದ್ದು, ತೂಗಿ, ಮೇಲಕ್ಕೆ ಮುಟ್ಟಿ ಇಳಿಯುವ ಆ ಓಲಾಟವೇ ಗಾಂಧಾರ. ಸ್ವರವನ್ನು ಬಿಂದುವೆಂದು ತಿಳಿದ ತಂತ್ರಾಂಶಕ್ಕೆ ಅದು ಆದ್ಯಂತ ತಪ್ಪು. ತಿದ್ದಿ ಕೂರಿಸಿದ ಕ್ಷಣಕ್ಕೆ ರಾಗ ಅಳಿಸಿಹೋಗುತ್ತದೆ. ಯಾವುದು ಸರಿ ಎಂಬ ತೀರ್ಮಾನವನ್ನೇ ಇಲ್ಲಿ ಯಂತ್ರಕ್ಕೆ ಬಿಟ್ಟುಕೊಟ್ಟಂತಾಯಿತು, ಅದೂ ಇನ್ನೊಂದು ಸಂಗೀತದ ಅಳತೆಗೋಲಿನಿಂದ. ಅದೇ ಉಪಕರಣವನ್ನು 1998ರಲ್ಲಿ ಗಾಯಕಿ ಶೆರ್ ಅವರ ಹಾಡೊಂದರಲ್ಲಿ ಬೇಕೆಂದೇ ಅತಿಯಾಗಿ ಬಳಸಿ ಧ್ವನಿಯನ್ನು ಮುರಿದರು. ಅಲ್ಲಿ ಅದು ಯಾರೋ ಕೇಳಿ, ಮೆಚ್ಚಿ, ಉಳಿಸಿಕೊಂಡ ಬಣ್ಣ. ಉಪಕರಣ ಒಂದೇ, ಹೊಣೆ ಬೇರೆ.

ಇದಕ್ಕೂ ಎಷ್ಟೋ ಮೊದಲು, 1982ರಲ್ಲಿ, ಮುಂಬಯಿಯ ಚಿತ್ರಸಂಗೀತದ ವಾದಕ ಚರಣ್‌ಜೀತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಒಂದು ಧ್ವನಿಮುದ್ರಿಕೆ ತಂದರು. ರೋಲೆಂಡ್ ಕಂಪನಿಯ ಮೂರು ಯಂತ್ರಗಳು ಅವರ ಬಳಿ ಇದ್ದವು: ಒಂದು ಕೀಬೋರ್ಡ್, ತಾಳಕ್ಕೆ ಟಿಆರ್-808, ಮಂದ್ರಕ್ಕೆ ಟಿಬಿ-303. ಈ ಕೊನೆಯದು ಗಿಟಾರ್ ಅಭ್ಯಾಸ ಮಾಡುವವರಿಗೆ ಜೊತೆ ನುಡಿಸಲೆಂದು ತಯಾರಾದ ಚಿಕ್ಕ ಪೆಟ್ಟಿಗೆ; ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸೌಲಭ್ಯವೊಂದಿತ್ತು. ಸಿಂಗ್ ಅದರಲ್ಲಿ ಮೀಂಡಿನ ನೆರಳನ್ನು ಕಂಡರು. ಮುದ್ರಿಕೆ ಆಗ ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತಿನ ನೃತ್ಯಸಂಗೀತ ಪ್ರಿಯರು ಬೆರಗಾದರು, ಆಸಿಡ್ ಹೌಸ್ ಎಂದು ಹೆಸರಾದ ಶೈಲಿಯನ್ನು ಅದು ಕೆಲವು ವರ್ಷ ಮೊದಲೇ ಹೋಲುತ್ತಿತ್ತು. ಭೈರವ್, ಲಲತ್, ಮಾಲ್ಕಂಸ್ ಎಲ್ಲಕ್ಕೂ ಒಂದೇ ನಾಗಾಲೋಟದ ಲಯ. ವಿಲಂಬಿತದಲ್ಲಿ ರಾಗ ಕಣ್ಣು ತೆರೆಯುವ ಸುಖ ಅದರಲ್ಲಿಲ್ಲ, ಅದು ನಿಜವಾದ ಕೊರತೆ. ಆದರೆ ಯಾವ ಸ್ವರ ಜಾರಬೇಕು, ಯಾವುದು ನಿಲ್ಲಬೇಕು ಎಂದು ಒಬ್ಬ ಬಲ್ಲವನು ಕೇಳಿ ತೀರ್ಮಾನಿಸಿದ್ದು ಪ್ರತಿ ತಿರುವಿನಲ್ಲೂ ಗೊತ್ತಾಗುತ್ತದೆ. ಅದನ್ನು ಅಸಲಿಯಲ್ಲವೆನ್ನಲು ನನಗೆ ಮನಸ್ಸು ಬಾರದು.

ಕಷ್ಟದ ಪ್ರಸಂಗವಿರುವುದು ಬೇರೆಡೆ. ಅಮೆರಿಕದ ಸಂಗೀತ ರಚನಕಾರ ಡೇವಿಡ್ ಕೋಪ್ 1980ರ ದಶಕದಲ್ಲಿ ಎಮಿ ಎಂಬ ತಂತ್ರಾಂಶವನ್ನು ಬೆಳೆಸಿದರು. ಹಳೆಯ ರಚನಕಾರರ ಕೃತಿಗಳನ್ನು ಸೀಳಿ, ಅವುಗಳ ಮಾದರಿಗಳನ್ನು ಗುರುತಿಸಿ, ಅದೇ ಶೈಲಿಯಲ್ಲಿ ಹೊಸದನ್ನು ಅದು ಕಟ್ಟುತ್ತಿತ್ತು. 1997ರಲ್ಲಿ ಆರೆಗನ್ ವಿಶ್ವವಿದ್ಯಾಲಯದಲ್ಲಿ ಮೂರು ರಚನೆಗಳನ್ನು ಪಿಯಾನೊದಲ್ಲಿ ನುಡಿಸಲಾಯಿತು: ಒಂದು ಬಾಖ್‌ನದು, ಒಂದು ಬಾಖ್ ಶೈಲಿಯಲ್ಲಿ ಪ್ರಾಧ್ಯಾಪಕ ಸ್ಟೀವ್ ಲಾರ್ಸನ್ ಬರೆದದ್ದು, ಒಂದು ಎಮಿಯದು. ಸಭಿಕರು ಎಮಿಯದನ್ನು ಬಾಖ್‌ನದೆಂದರು, ಲಾರ್ಸನ್ ಬರೆದದ್ದನ್ನು ಕಂಪ್ಯೂಟರಿನದೆಂದರು. ಸಂಗೀತವೆಂದರೆ ಆತ್ಮದ ಮಾತು ಎಂದು ನಂಬಿದ್ದ ಅಮೆರಿಕದ ಚಿಂತಕ ಡಗ್ಲಾಸ್ ಹಾಫ್‌ಸ್ಟಾಟರ್ ಇದರಿಂದ ನಿಜಕ್ಕೂ ಕಂಗೆಟ್ಟರು.

ಯಂತ್ರಕ್ಕೆ ಭಾವನೆಯಿಲ್ಲ, ಆದ್ದರಿಂದ ಅದರ ಸಂಗೀತ ಸುಳ್ಳು ಎಂಬ ವಾದ ಇಲ್ಲಿ ತಟ್ಟನೆ ಬಾಯಿಗೆ ಬರುತ್ತದೆ. ನಮ್ಮ ರಸಸಿದ್ಧಾಂತ ಆ ವಾದಕ್ಕೆ ಸುಲಭವಾಗಿ ನೆರವಾಗುವುದಿಲ್ಲ. ರಾಮನ ಪಾತ್ರಧಾರಿ ಸೀತೆಯ ಅಗಲಿಕೆಯಿಂದ ಸ್ವತಃ ನೊಂದಿರಬೇಕೆಂದು ಅಭಿನವಗುಪ್ತ ಕೇಳುವುದಿಲ್ಲ. ಭಾವ ಯಾರೊಬ್ಬರ ಖಾಸಗಿ ಸ್ವತ್ತೂ ಆಗಿರದೆ ಸಾಧಾರಣೀಕರಣಗೊಂಡಾಗ ಸಹೃದಯನಲ್ಲಿ ರಸ ಒದಗುತ್ತದೆ. ಆರೆಗನ್ನಿನ ಕೇಳುಗರಿಗೆ ಆದ ಅನುಭವ ಸುಳ್ಳಲ್ಲ, ಅದನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಹಾಗೆಂದು ಅಭಿನವಗುಪ್ತನ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲ. ಧ್ವನ್ಯಾಲೋಕಕ್ಕೆ ತಾನು ಬರೆದ ಲೋಚನವೆಂಬ ವ್ಯಾಖ್ಯಾನದ ಆರಂಭದಲ್ಲಿ ಅವನು ಸರಸ್ವತಿಯ ತತ್ತ್ವವನ್ನು ಕವಿ ಮತ್ತು ಸಹೃದಯ ಎಂದು ಇಬ್ಬರಲ್ಲಿ ಕಾಣುತ್ತಾನೆ. ಹೃದಯಸಂವಾದ ನಡೆಯಲು ಎರಡು ತುದಿ ಬೇಕು. ಆ ಸಂಜೆ ಇನ್ನೊಂದು ತುದಿ ಖಾಲಿಯಾಗಿತ್ತೇ ಎಂದರೆ, ಇರಲಿಲ್ಲ. ಎಮಿ ನುಂಗಿದ್ದು ಬಾಖ್ ಕೇಳಿ ತೂಗಿ ಬರೆದ ಕೃತಿಗಳನ್ನು. ಶೈಲಿಯೆಂದರೇನೆಂದು ನಿಯಮ ಕಟ್ಟಿದ್ದು, ಹುಟ್ಟಿದ ರಾಶಿಯಲ್ಲಿ ಯಾವುದು ಸಭೆಗೆ ಯೋಗ್ಯ ಎಂದು ಆರಿಸಿದ್ದು ಕೋಪ್. ಪಿಯಾನೊ ಮುಂದೆ ಕೂತದ್ದು ಮನುಷ್ಯ ಬೆರಳುಗಳು. ಹೊಣೆ ಹರಿದು ಹಂಚಿಹೋಗಿತ್ತು, ಇಲ್ಲವಾಗಿರಲಿಲ್ಲ.

ಕೋಪ್ ಆಮೇಲೆ ಎಮಿಯ ದತ್ತಾಂಶವನ್ನು ತಾವೇ ಅಳಿಸಿಹಾಕಿದರು. ಅದು ಎಷ್ಟು ಬೇಕಾದರೂ ಬರೆಯಬಲ್ಲದು ಎಂದು ಗೊತ್ತಿರುವಾಗ ಯಾವ ಒಂದು ರಚನೆಗೂ ಜನ ಬೆಲೆ ಕಟ್ಟುತ್ತಿರಲಿಲ್ಲ. ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಗೆ ಎರಡು ಸಾಲು ಬರೆದು ಕೊಟ್ಟರೆ ಸಾಹಿತ್ಯ, ರಾಗ, ಗಾಯನ, ವಾದ್ಯವೃಂದ ಎಲ್ಲ ಕೂಡಿದ ಹಾಡು ಕ್ಷಣದಲ್ಲಿ ಕೈಗೆ ಬರುತ್ತದೆ. ಯಾರಾದರೂ ಕೂತು, ಬಂದ ಹತ್ತಾರನ್ನು ಕೇಳಿ ತಳ್ಳಿ, ಒಂದನ್ನು ಉಳಿಸಿಕೊಂಡು, ಅದರಲ್ಲೂ ಎರಡನೆಯ ಚರಣ ಸರಿಯಿಲ್ಲವೆಂದು ಕತ್ತರಿಸಿ ಮತ್ತೆ ಮಾಡಿಸಿದರೆ, ಅವರು ಆ ಹಾಡಿನೊಳಗೆ ಬಂದಿದ್ದಾರೆ ಎಂದೇ ನಾನು ಹೇಳುತ್ತೇನೆ, ಅವರ ಕಂಠ ಅದರಲ್ಲಿ ಇರದಿದ್ದರೂ. ಆದರೆ ನೂರು ಹಾಡು ತಯಾರಿಸಿ, ಒಂದನ್ನೂ ಪೂರ್ತಿ ಕೇಳದೆ ಒಟ್ಟಿಗೆ ಅಂತರ್ಜಾಲಕ್ಕೆ ಏರಿಸುವುದೂ ಈಗ ಸಾಧ್ಯ. ಅಂಥ ಹಾಡಿನಲ್ಲೂ ತೋಡಿಯ ಗಾಂಧಾರ ಸರಿಯಾಗಿ ತೂಗಬಹುದು, ಕೇಳಿದ ನಮ್ಮ ಕಣ್ಣು ಒದ್ದೆಯಾಗಲೂಬಹುದು. ಆ ಗಾಂಧಾರವನ್ನು ಮೊತ್ತಮೊದಲು ಕೇಳಿದವರು ಮಾತ್ರ ಆಗ ನಾವೇ ಆಗಿರುತ್ತೇವೆ. ಅದು ಸರಿಯೋ ತಪ್ಪೋ ಎಂದು ತೂಗಿ ನೋಡುವ ಕೆಲಸವನ್ನು ನಮಗಿಂತ ಮೊದಲು ಯಾರೂ ಮಾಡಿರುವುದಿಲ್ಲ.