ಅಲಗು ಯಾರದು, ಹೆಸರು ಯಾರದು?

ಮುಂಬಯಿ, ಪುಣೆಗಳ ನಮ್ಮ ತರುಣರಿಗೆ ಸಹ್ಯಾದ್ರಿಯ ಚಾರಣ ಹೊಸತಲ್ಲ. ಅಂಥವರಲ್ಲಿ ಕೆಲವರು ಕಾಡಿನ ಬಳಕೆಗೆಂದು ಚಾಕುವೊಂದನ್ನು ತಾವೇ ಮಾಡಿಕೊಳ್ಳಲು ಹೊರಡುತ್ತಾರೆ. ಸೌದೆ ಸೀಳಲು, ಗೂಟ ಕೆತ್ತಲು, ಹಗ್ಗ ಕೊಯ್ಯಲು ನಾಲ್ಕು ಅಂಗುಲದ ಅಲಗು ಸಾಕು. ಕುಲುಮೆಯಿಲ್ಲದವನಿಗೆ ಸುಲಭದ ದಾರಿಯೂ ಇದೆ: ಸಿದ್ಧ ಅಲಗನ್ನು ಕೊಂಡು ಅದಕ್ಕೆ ಬೀಟೆಯ ಹಿಡಿ ಕೂಡಿಸುವುದು. ಸ್ವೀಡನ್ನಿನ ಮೋರಾ ಊರಿನ ಅಲಗುಗಳು ಹೀಗೆ ಬಿಡಿಯಾಗಿಯೂ ಮಾರಾಟವಾಗುತ್ತ ಬಂದಿವೆ. ಕೆಲಸ ಮುಗಿದ ಮೇಲೆ ಅವನು ‘ಇದು ನಾನು ಮಾಡಿದ ಚಾಕು’ ಎನ್ನಬಹುದೇ?

ಎನ್ನಬಹುದೆಂಬ ವಾದ ದುರ್ಬಲವಲ್ಲ. ಕುಲುಮೆ ಹೂಡಿದ ಕಮ್ಮಾರನೂ ಅದಿರನ್ನು ಅಗೆದವನಲ್ಲ. ಲಾರಿಯ ಹಳೆಯ ಕಮಾನುಪಟ್ಟಿಯನ್ನು ಕಾಯಿಸಿ ತಟ್ಟಿದವನು. ಬಡಗಿ ಮರ ಬೆಳೆಸುವುದಿಲ್ಲ, ನೇಕಾರ ಹತ್ತಿ ಬಿತ್ತುವುದಿಲ್ಲ. ಪೂರ್ತಿ ತನ್ನದೆನ್ನುವ ವಸ್ತು ಯಾರ ಬಳಿಯೂ ಇಲ್ಲ. ಹಾಗಾದರೆ ಗೆರೆ ಎಳೆಯುವುದೆಲ್ಲಿ?

ಚಾಕುವಿನ ಗುಣ ಕಣ್ಣಿಗೆ ಕಾಣುವಂಥದಲ್ಲ. ನೂರಕ್ಕೆ ಸುಮಾರು ಒಂದು ಪಾಲು ಇಂಗಾಲವಿರುವ ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ. ಆದರೆ ಗಾಜಿನಂತೆ ಸಿಡಿಯಬಲ್ಲದು. ಮತ್ತೆ ಸುಮಾರು 200 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿದಾಗ ಕೊಂಚ ಗಡಸುತನ ಬಿಟ್ಟುಕೊಟ್ಟು ತಾಳಿಕೆ ಪಡೆಯುತ್ತದೆ. ಹದ ತಪ್ಪಿದ ಅಲಗೂ ಹದವಾದ ಅಲಗೂ ಒಂದೇ ರೀತಿ ಹೊಳೆಯುತ್ತವೆ. ಸಿದ್ಧ ಅಲಗು ಕೊಂಡವನು ಈ ಹದವನ್ನು ಕೊಂಡಿದ್ದಾನೆಯೇ ಹೊರತು ಮಾಡಿಲ್ಲ. ಆ ಚಾಕುವನ್ನು ಗೆಳೆಯನಿಗೆ ಕೊಟ್ಟು ‘ನಾನೇ ಮಾಡಿದೆ’ ಎಂದರೆ, ನಾಳೆ ಕಾಡಿನಲ್ಲಿ ಅಲಗು ಮುರಿದಾಗ ಉತ್ತರ ಹೇಳುವವರು ಯಾರು? ‘ಮಾಡಿದೆ’ ಎಂದವನು ಹೊಗಳಿಕೆಯೊಂದಿಗೆ ಹೊಣೆಯನ್ನೂ ಹೊತ್ತಂತೆ.

ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ದಕ್ಷಿಣ ಭಾರತದ ಕುಲುಮೆಗಳಲ್ಲಿ, ಮಣ್ಣಿನ ಮೂಸೆಗಳಲ್ಲಿ ತಯಾರಾದ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಕ್ಕೆ ಹೋಗುತ್ತಿದ್ದವು. ಅಲ್ಲಿ ತಟ್ಟಿದ ಖಡ್ಗಗಳು ಡಮಾಸ್ಕಸ್ಸಿನ ಹೆಸರಿನಿಂದ ಜಗತ್ಪ್ರಸಿದ್ಧವಾದವು. ಇಲ್ಲಿ ತಿದಿ ಊದಿದವನ ಹೆಸರು ಉಳಿಯಲಿಲ್ಲ. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ 1794ರಲ್ಲಿ ಇಂಥ ಉಕ್ಕಿನ ಮಾದರಿಗಳನ್ನು ಲಂಡನ್ನಿಗೆ ಕಳಿಸಿದನು. ಮರುವರ್ಷ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಅದು ‘ವೂಟ್ಸ್’ ಎನಿಸಿತು. ನಮ್ಮ ‘ಉಕ್ಕು’ ಎಂಬ ಮಾತೇ ಅದರ ಮೂಲವೆಂದು ಅನೇಕ ವಿದ್ವಾಂಸರ ಮತ.

ಪಶ್ಚಿಮ ಏಷ್ಯದ ಕಮ್ಮಾರ ಕಳ್ಳನಲ್ಲ. ಇಂಗಾಲ ಹೆಚ್ಚಿರುವ ಆ ಉಕ್ಕನ್ನು ಬಿರುಕು ಬಿಡದಂತೆ ತಟ್ಟುವುದು ದೊಡ್ಡ ವಿದ್ಯೆ. ಆದರೂ ಮೂಸೆಯವನನ್ನು ಲೋಕ ಮರೆತದ್ದು ನಮಗೆ ನೋವಾಗುವುದಾದರೆ, ಅದೇ ಮರೆವನ್ನು ಇನ್ನೊಬ್ಬರ ಪಾಲಿಗೆ ನಾವು ತರಬಾರದು.

ಗಣಿಯವನಿಂದ ಅಂಗಡಿಯವನವರೆಗೆ ಎಲ್ಲರನ್ನೂ ಹೆಸರಿಸಬೇಕೆಂದಲ್ಲ. ಬಳಸುವವನ ಕೈ ಯಾರ ಕೌಶಲವನ್ನು ನಂಬಿದೆಯೋ ಅವರನ್ನು ಹೇಳಿದರೆ ಸಾಕು. ‘ಅಲಗು ಮೋರಾದ್ದು, ಹಿಡಿ ನನ್ನದು’ ಎಂಬುದರಲ್ಲಿ ಸಣ್ಣತನವೇನೂ ಇಲ್ಲ. ಹಿಡಿ ಜಾರಿದರೂ ಕೈ ಕೊಯ್ಯುತ್ತದೆ, ಆ ಹೊಣೆ ಹಿಡಿ ಹಾಕಿದವನದೇ. ನಮ್ಮ ಮಕ್ಕಳು ತಾವು ಮಾಡಿದ್ದನ್ನು ತಂದು ತೋರಿಸಿದಾಗ ಮೆಚ್ಚೋಣ; ಇದರಲ್ಲಿ ಇನ್ನು ಯಾರ ಯಾರ ಕೈ ಇದೆಯೆಂದೂ ಕೇಳೋಣ.